ಮೊದಲ ಸಲ ಮುಟ್ಟಿನ ಕಪ್ ಬಳಸುವವರು ಎಷ್ಟರಮಟ್ಟಿಗೆ ತಾಳಿಕೊಳ್ಳಬೇಕು?

ಇಬ್ಬನಿ:
ಕಳೆದ ಮುಟ್ಟಿನಲ್ಲಿ ಮೊದಲ ಬಾರಿಗೆ, ಯೋನಿಯೊಳಗೆ ಮಡಚಿ ಇಟ್ಟು ಮುಟ್ಟಿನ ರಕ್ತ ಹಿಡಿಯುವ ಸಿಲಿಕೋನ್ ಕಪ್ ಬಳಸಲು ಯತ್ನಿಸಿದೆ. ಒಳಗೆ ಹೋಯಿತು, ಆದರೆ ಪೂರ್ತಿ ಅರಳಿತೋ ಇಲ್ಲವೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಸೋರತೊಡಗಿತು, ಕುಳಿತರೆ ತುದಿಯ ತೊಟ್ಟು ಚುಚ್ಚುತ್ತಿತ್ತು, ತೆಗೆಯುವಾಗಲಂತೂ ಗಾಬರಿಯಿಂದ ಮೈ ಬಿಗಿದುಕೊಂಡಿತು. ಬಳಸುವವರನ್ನು ಕೇಳಿದರೆ ಎಲ್ಲರೂ "ಎರಡು ಮೂರು ತಿಂಗಳು ತಾಳಿಕೋ, ಅಭ್ಯಾಸವಾಗುತ್ತದೆ" ಎನ್ನುತ್ತಾರೆ. ಹೀಗೆ ತಾಳಿಕೊಳ್ಳಬೇಕಾದ್ದು ನಿಜವಾಗಿಯೂ ಇದೆಯೇ, ಅಥವಾ ನನಗೆ ಒಗ್ಗದು ಎಂದು ಈಗಲೇ ಬಿಟ್ಟುಬಿಡುವುದು ಸರಿಯೇ? ಮುಂದಿನ ಮುಟ್ಟಿಗೆ ಮುಂಚೆ, ಸ್ರಾವವಿಲ್ಲದ ದಿನಗಳಲ್ಲಿ ಅಭ್ಯಾಸ ಮಾಡಬಹುದೇ?

ಸುಮುಖಿ:
ನೀವು ಹೇಳಿದ ಮೂರು ತೊಂದರೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಬೇಡಿ. ಅವುಗಳ ಕಾರಣಗಳು ಬೇರೆ ಬೇರೆ. ಸಾಮಾನ್ಯವಾಗಿ ಒಂದು ಕಪ್ಪಿನಲ್ಲಿ 20ರಿಂದ 30 ಮಿಲಿ ಲೀಟರ್ ಹಿಡಿಸುತ್ತದೆ. ಬಹುಪಾಲು ಮಹಿಳೆಯರಿಗೆ ಇಡೀ ಮುಟ್ಟಿನಲ್ಲಿ ಹೋಗುವ ರಕ್ತವೇ 80 ಮಿಲಿ ಲೀಟರಿಗಿಂತ ಕಡಿಮೆ ಇರುತ್ತದೆ. ಆದ್ದರಿಂದ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಸೋರಿದರೆ ಅದು ತುಂಬಿ ಹರಿದದ್ದಲ್ಲ, ಬಾಯಂಚು ಯೋನಿಯ ಗೋಡೆಗೆ ಸುತ್ತಲೂ ಸರಿಯಾಗಿ ಕೂತಿಲ್ಲ ಎಂದೇ ಅರ್ಥ. ಹಾಕಿದ ಮೇಲೆ ಕಪ್ಪಿನ ಬುಡದ ಸುತ್ತ ಬೆರಳಾಡಿಸಿ ನೋಡಿ. ಎಲ್ಲಾದರೂ ಮಡಿಕೆ ಉಳಿದಿದ್ದರೆ ಕೈಗೆ ಸಿಗುತ್ತದೆ. ಬುಡವನ್ನು ಹಿಡಿದು ಮೆಲ್ಲಗೆ ತಿರುಗಿಸಿದರೆ ಸಾಮಾನ್ಯವಾಗಿ ಅರಳಿಕೊಳ್ಳುತ್ತದೆ. ಬಾಯಿಯನ್ನು ಅರ್ಧಕ್ಕೆ ಮಡಚುವ ಸಿ ಮಡಿಕೆಯನ್ನು ಎಲ್ಲರಿಗೂ ಮೊದಲು ಕಲಿಸುತ್ತಾರೆ, ಆದರೆ ಅಂಚಿನ ಒಂದು ಬದಿಯನ್ನು ಒಳಕ್ಕೆ ಒತ್ತಿ ಮಾಡುವ ಪಂಚ್‌ಡೌನ್ ಮಡಿಕೆಯ ತುದಿ ಅದಕ್ಕಿಂತ ಕಿರಿದಾಗಿರುವುದರಿಂದ ಹೊಸಬರಿಗೆ ಅದೇ ಸುಲಭವೆಂದು ನನ್ನ ಅಭಿಪ್ರಾಯ. ಇನ್ನೊಂದು ಮಾತು: ನೇರವಾಗಿ ಮೇಲಕ್ಕೆ ತಳ್ಳಬೇಡಿ, ಯೋನಿಯ ದಾರಿ ಹಿಂದಕ್ಕೆ, ಬೆನ್ನಿನ ಕೆಳತುದಿಯತ್ತ ಓರೆಯಾಗಿದೆ.

ತೊಟ್ಟು ಚುಚ್ಚುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಹೆಚ್ಚಾಗಿ ಕಪ್ಪಿನ ಉದ್ದ ನಿಮಗೆ ಹೊಂದದ್ದರಿಂದ ಆಗಿರುತ್ತದೆ.

ಅನುರಣನ:
ಸುಮುಖಿಯವರ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಮೂಲ ಪ್ರಶ್ನೆ ಇದ್ದದ್ದು ತಾಳ್ಮೆಯ ಬಗ್ಗೆ. ಕಪ್ಪನ್ನು ಮೆಚ್ಚಿದವರು ಅದು ಒಗ್ಗದವರನ್ನು ಪ್ರಯತ್ನ ಸಾಲದವರೆಂದು ನೋಡುವ ರೂಢಿ ಬೆಳೆದಿದೆ, ಅದು ನನಗೆ ಹಿಡಿಸುವುದಿಲ್ಲ. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ 43 ಅಧ್ಯಯನಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದು ಪ್ರಕಟವಾಯಿತು. ಅದರಲ್ಲಿ ಸುಮಾರು 3,300 ಮಂದಿಯ ಅನುಭವ ಸೇರಿದೆ. ಕಪ್ಪಿನ ಸೋರಿಕೆ ಇತರ ಸಾಧನಗಳಷ್ಟೇ ಅಥವಾ ಅದಕ್ಕಿಂತ ಕಡಿಮೆ ಎಂದೂ, ಅಭ್ಯಾಸವಾದ ಮೇಲೆ ಶೇಕಡಾ 70ರಷ್ಟು ಮಂದಿ ಮುಂದುವರಿಸಲು ಬಯಸಿದರೆಂದೂ ಅದು ಹೇಳುತ್ತದೆ. ಈ 70ನ್ನು ಎಲ್ಲರೂ ಹೆಮ್ಮೆಯಿಂದ ಉಲ್ಲೇಖಿಸುತ್ತಾರೆ. ಉಳಿದವರು? ಪ್ರಯೋಗಕ್ಕೆ ಒಪ್ಪಿ, ಹೇಗೆ ಬಳಸಬೇಕೆಂದು ಹೇಳಿಸಿಕೊಂಡು, ಕಲಿತ ಮೇಲೂ ಹತ್ತರಲ್ಲಿ ಮೂವರು ಬೇಡವೆಂದರೆ, ಅದನ್ನು ಅವರ ಅಸಹನೆ ಎಂದು ಕರೆಯಲಾಗದು. ಪ್ಯಾಡ್ ಅಥವಾ ಬಟ್ಟೆಯಲ್ಲಿ ನೆಮ್ಮದಿಯಿದ್ದರೆ ಅಲ್ಲಿಗೆ ಮರಳುವುದರಲ್ಲಿ ಸೋಲೇನೂ ಇಲ್ಲ.

ಸುಮುಖಿ:
ಅನುರಣನ ಅವರೇ, ಅದೇ ಅಂಕಿಯನ್ನು ಇನ್ನೊಂದು ಬದಿಯಿಂದಲೂ ಓದಬಹುದಲ್ಲವೇ? ಅಭ್ಯಾಸವಾದ ಮೇಲೆ ಎಂಬ ಮಾತು ಆ ವಾಕ್ಯದಲ್ಲೇ ಇದೆ. ಆ ಸಮೀಕ್ಷೆಯೂ ಬಳಕೆ ರೂಢಿಯಾಗಲು ಹಲವು ಆವರ್ತಗಳು ಬೇಕಾಗುತ್ತವೆ ಎಂದೇ ಹೇಳುತ್ತದೆ. ಮೊದಲ ಮುಟ್ಟಿನ ಅನುಭವದ ಮೇಲೆ ತೀರ್ಮಾನಿಸಿದರೆ ನಾವು ಅಳೆಯುವುದು ಕಪ್ಪನ್ನಲ್ಲ, ನಮ್ಮ ಗಾಬರಿಯನ್ನು. ಬಿಡುವ ಹಕ್ಕು ಎಲ್ಲರಿಗೂ ಇದೆ. ಏಕೆ ಸೋರಿತೆಂದು ತಿಳಿಯದೆ ಬಿಡುವುದು ಬೇಡ ಎಂಬಷ್ಟೇ ನನ್ನ ವಾದ.

ಶುಶ್ರೂಷಕಿ:
ನಾನು ದಾದಿಯಾಗಿ ಕೆಲಸ ಮಾಡುವವಳು. ತಾಳಿಕೊಳ್ಳಿ ಎನ್ನುವ ಮಾತಿನಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ. ಕೈ ಪಳಗದ ತಡವರಿಕೆಯನ್ನು, ಒಂದಷ್ಟು ಸೋರಿಕೆಯನ್ನು ತಾಳಿಕೊಳ್ಳಬಹುದು, ಅದಕ್ಕೆ ಹೆಚ್ಚುವರಿಯಾಗಿ ತೆಳುವಾದ ಪ್ಯಾಡ್ ಇಟ್ಟುಕೊಂಡರಾಯಿತು. ನೋವನ್ನು ತಾಳಿಕೊಳ್ಳಬೇಕಾಗಿಲ್ಲ. ಸರಿಯಾಗಿ ಕೂತ ಕಪ್ ಒಳಗಿದೆಯೆಂಬುದೇ ಮರೆತುಹೋಗಬೇಕು. ಬೆರಳು ತಾಗಿದರೂ ಸ್ನಾಯುಗಳು ತಾವಾಗಿಯೇ ಬಿಗಿದು ನೋಯುವವರಿದ್ದಾರೆ. ಅದು ವಜೈನಿಸ್ಮಸ್ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ, ಹಟದಿಂದ ತಳ್ಳುವುದು ಅದನ್ನು ಹೆಚ್ಚಿಸುತ್ತದೆ. ಕಾಪರ್ ಟಿ ಅಥವಾ ಅಂಥ ಬೇರೆ ಸಾಧನವನ್ನು ಗರ್ಭಕೋಶದೊಳಗೆ ಹಾಕಿಸಿಕೊಂಡವರು ಮೊದಲು ವೈದ್ಯರನ್ನು ಕೇಳಬೇಕು, ಏಕೆಂದರೆ ಕಪ್ಪಿನ ಜೊತೆಗೆ ಅದರ ದಾರವೂ ಎಳೆದು ಸಾಧನ ಜಾರಿದ ಪ್ರಕರಣಗಳು ವರದಿಯಾಗಿವೆ. ಹೆರಿಗೆಯಾದ ಮೊದಲ ಆರು ವಾರ ಕಪ್ ಬೇಡ.

ಉದ್ದದ ವಿಚಾರ: ಪೊಟ್ಟಣದ ಮೇಲೆ ವಯಸ್ಸು, ಹೆರಿಗೆ ಎಂದು ಬರೆದ ಅಳತೆಗಿಂತ ನಿಮ್ಮ ಗರ್ಭಕಂಠ, ಅಂದರೆ ಗರ್ಭಕೋಶದ ಬಾಯಿ, ಎಲ್ಲಿದೆ ಎಂಬುದು ಮುಖ್ಯ. ಮುಟ್ಟಿನ ದಿನಗಳಲ್ಲೇ ಕೈತೊಳೆದು ಒಂದು ಬೆರಳನ್ನು ಒಳಗಿಟ್ಟು ನೋಡಿ. ಮೂಗಿನ ತುದಿಯಂತೆ ಗಟ್ಟಿಯಾಗಿ ಸಿಗುವುದೇ ಗರ್ಭಕಂಠ. ಬೆರಳಿನ ಮೊದಲ ಗೆಣ್ಣು ಒಳಹೋಗುವಷ್ಟರಲ್ಲೇ ಅದು ತಾಗಿದರೆ ನಿಮಗೆ ಗಿಡ್ಡ ಕಪ್ ಬೇಕು. ಬೆರಳು ಪೂರ್ತಿ ಹೋದರೂ ಸಿಗದಿದ್ದರೆ ಉದ್ದನೆಯದು. ಮುಟ್ಟಿನ ದಿನಗಳು ಸಾಗಿದಂತೆ ಅದರ ಎತ್ತರವೂ ಬದಲಾಗುತ್ತದೆ, ಹಾಗಾಗಿ ಒಂದೇ ದಿನ ನೋಡಿ ನಿರ್ಧರಿಸಬೇಡಿ.

ಬಿದಿಗೆ:
ಇಬ್ಬನಿಯವರ ಎರಡನೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಸ್ರಾವವಿಲ್ಲದ ದಿನ ಅಭ್ಯಾಸ ಮಾಡಬೇಡಿ ಎಂದು ನಾನು ಹೇಳುತ್ತೇನೆ. ಒಣಗಿದ ಭಾಗಕ್ಕೆ ಸಿಲಿಕೋನ್ ಉಜ್ಜಿದರೆ ನೋಯುತ್ತದೆ, ಆ ನೋವಿನ ನೆನಪಿನಿಂದಲೇ ಮುಂದಿನ ಸಲ ಮೈ ಬಿಗಿಯುತ್ತದೆ. ಸ್ರಾವ ಹೆಚ್ಚಿರುವ ದಿನ, ಮನೆಯಲ್ಲಿ ಬಿಡುವಾಗಿರುವಾಗ ಆರಂಭಿಸುವುದೇ ಒಳ್ಳೆಯದು.

ಶುಶ್ರೂಷಕಿ:
ಬಿದಿಗೆಯವರ ಆತಂಕ ಸಕಾರಣವಾದದ್ದೇ, ಆದರೆ ಪೂರ್ತಿ ನಿಷೇಧ ಬೇಕಿಲ್ಲ. ನೀರಿನ ಆಧಾರದ ಲೂಬ್ರಿಕೆಂಟ್ ಜೆಲ್ ಸವರಿಕೊಂಡರೆ ಉಳಿದ ದಿನಗಳಲ್ಲೂ ಒಮ್ಮೆ ಹಾಕಿ ತೆಗೆದು ನೋಡಬಹುದು. ಸಿಲಿಕೋನ್ ಆಧಾರದ ಜೆಲ್ ಬೇಡ, ಅದು ಕಪ್ಪನ್ನೇ ಕೆಡಿಸಬಹುದು. ಗಡಿಬಿಡಿಯಿಲ್ಲದೆ ತೆಗೆಯುವುದನ್ನು ಕಲಿಯುವುದೇ ಈ ಅಭ್ಯಾಸದ ಲಾಭ. ಗಾಬರಿಯೆಲ್ಲ ಇರುವುದು ತೆಗೆಯುವುದರಲ್ಲಿ ತಾನೇ? ಕಪ್ ಒಳಗೆ ಕಳೆದುಹೋಗಲು ಜಾಗವೇ ಇಲ್ಲ. ಯೋನಿಯ ಮೇಲ್ತುದಿಯನ್ನು ಗರ್ಭಕಂಠ ಮುಚ್ಚಿದೆ. ಕೈಗೆಟುಕದಿದ್ದರೆ ಕುಕ್ಕರಗಾಲಿನಲ್ಲಿ ಕೂತು, ಮಲವಿಸರ್ಜನೆಗೆ ಮುಕ್ಕುವಂತೆ ಮೆಲ್ಲಗೆ ಮುಕ್ಕಿದರೆ ತಾನಾಗಿ ಕೆಳಗಿಳಿಯುತ್ತದೆ. ಆಮೇಲೆ ತೊಟ್ಟನ್ನು ಎಳೆಯದೆ, ಬುಡವನ್ನು ಎರಡು ಬೆರಳಿನಿಂದ ಅದುಮಿ ಗಾಳಿಯ ಹಿಡಿತ ಬಿಡಿಸಿ, ಅಂಚನ್ನು ಸ್ವಲ್ಪ ಓರೆ ಮಾಡಿ ಹೊರತೆಗೆಯಬೇಕು.

ಅನುರಣನ:
ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂಬ, ಜೀವಕ್ಕೇ ಅಪಾಯವಾಗಬಲ್ಲ ಕಾಯಿಲೆಯ ಬಗ್ಗೆ ನೀವು ಏನನ್ನೂ ಹೇಳಲಿಲ್ಲ. ಕಪ್ಪಿನಿಂದ ಅದು ಬರುವುದೇ ಇಲ್ಲ ಎಂದು ಪ್ರಚಾರ ಮಾಡುವವರನ್ನು ನೋಡಿದ್ದೇನೆ.

ಶುಶ್ರೂಷಕಿ:
ಬರುವುದೇ ಇಲ್ಲ ಎನ್ನುವುದು ತಪ್ಪು. ನೀವು ಹೇಳಿದ ಸಮೀಕ್ಷೆಯಲ್ಲೇ ಐದು ಪ್ರಕರಣಗಳು ದಾಖಲಾಗಿವೆ. ಒಟ್ಟು ಬಳಸುವವರ ಲೆಕ್ಕವಿಲ್ಲದ್ದರಿಂದ ಲಕ್ಷಕ್ಕೆ ಇಷ್ಟು ಎಂದು ದರ ಕಟ್ಟಲಾಗದು, ಆದರೆ ಬಹಳ ಅಪರೂಪವೆಂದು ಧೈರ್ಯವಾಗಿ ಹೇಳಬಹುದು. ಕೆಲವು ಬ್ಯಾಕ್ಟೀರಿಯಾಗಳ, ಮುಖ್ಯವಾಗಿ ಸ್ಟೆಫಿಲೊಕಾಕಸ್ ಆರಿಯಸ್‌ನ, ವಿಷದಿಂದ ಅದು ಬರುತ್ತದೆ. ಕೈತೊಳೆಯದೆ ಮುಟ್ಟಬಾರದು, 12 ಗಂಟೆ ಮೀರಿ ಒಳಗಿಡಬಾರದು, ಪ್ರತಿ ಮುಟ್ಟಿನ ಮುಂಚೆ ಕೆಲವು ನಿಮಿಷ ಕುದಿಸಬೇಕು. ಕಪ್ ಒಳಗಿರುವಾಗ ಏಕಾಏಕಿ ಜ್ವರ ಏರಿ, ವಾಂತಿ, ತಲೆಸುತ್ತು, ಮೈಮೇಲೆ ಕೆಂಪು ದದ್ದು ಕಂಡರೆ ಕೂಡಲೇ ತೆಗೆದು ಆಸ್ಪತ್ರೆಗೆ ಹೋಗಬೇಕು. ಬೆಳಗಾಗಲಿ ಎಂದು ಕಾಯುವಂತಿಲ್ಲ.

ಅನುರಣನ:
ಇದು ನೇರವಾದ ಉತ್ತರ, ಒಪ್ಪಿದೆ. ಆದರೂ ನೀರು, ಬಾಗಿಲು ಹಾಕಿಕೊಳ್ಳುವ ಶೌಚಾಲಯ, ಕುದಿಸಲು ಬೇರೆಯೇ ಪಾತ್ರೆ, ಇವೆಲ್ಲ ಇದ್ದವರಿಗೆ ಮಾತ್ರ ಇದು ಸರಳ ಸಾಧನ ಎಂಬುದನ್ನು ಸೇರಿಸುತ್ತೇನೆ. ಇವು ಇಲ್ಲದವರಿಗೆ ಕಪ್ಪನ್ನು ಪರಿಹಾರವೆಂದು ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ.

ಇಬ್ಬನಿ:
ಎಲ್ಲರಿಗೂ ಧನ್ಯವಾದಗಳು. ನನಗಾದದ್ದು ನೋವಲ್ಲ, ಕಿರಿಕಿರಿ ಮತ್ತು ಹೆದರಿಕೆ ಎಂದು ಈಗ ಬಿಡಿಸಿ ನೋಡಲು ಸಾಧ್ಯವಾಗಿದೆ. ಮುಂದಿನ ಸಲ ಮೊದಲು ಗರ್ಭಕಂಠದ ಎತ್ತರ ನೋಡಿ, ರಜೆಯ ದಿನ ಮನೆಯಲ್ಲಿ ಮಾತ್ರ ಹಾಕುತ್ತೇನೆ. ಅಷ್ಟಾದರೂ ಹೊಂದದಿದ್ದರೆ ಬಿಡುತ್ತೇನೆ, ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಉಳಿದದ್ದು ಎರಡೇ ಸಂದೇಹ: ಚುಚ್ಚುವ ತೊಟ್ಟನ್ನು ಕತ್ತರಿಸಬಹುದೇ? ಕೆಲಸದ ಜಾಗದಲ್ಲಿ ಬದಲಿಸಬೇಕಾಗಿ ಬಂದರೆ ಪ್ರತಿ ಸಲವೂ ಕುದಿಸಬೇಕೇ?

ಸುಮುಖಿ:
ಕತ್ತರಿಸಬಹುದು, ಆದರೆ ತೆಗೆಯುವುದು ಸಲೀಸಾದ ಮೇಲೆ. ಕಪ್ಪನ್ನು ಹೊರತೆಗೆದು, ಸ್ವಲ್ಪ ಸ್ವಲ್ಪವಾಗಿ ಕತ್ತರಿಸಿ. ಬುಡಕ್ಕೆ ತೂತಾಗಬಾರದು, ತುದಿ ಒರಟಾಗಿಯೂ ಉಳಿಯಬಾರದು. ನಡುವೆ ಕುದಿಸಬೇಕಾಗಿಲ್ಲ, ಶುದ್ಧ ನೀರಿನಲ್ಲಿ ತೊಳೆದರೆ ಸಾಕು. ಸ್ರಾವ ತೀರಾ ಹೆಚ್ಚಿಲ್ಲದಿದ್ದರೆ ಬೆಳಿಗ್ಗೆ ಮನೆಯಲ್ಲಿ ಹಾಕಿದ್ದನ್ನು ಸಂಜೆ ಮನೆಗೆ ಬಂದೇ ತೆಗೆಯಬಹುದು, ಹೊರಗೆ ಬದಲಿಸುವ ಪ್ರಸಂಗವೇ ಬಾರದು. ಬಂದರೆ, ಒಳಗೆ ಹೋಗುವ ಮುಂಚೆ ಕೈತೊಳೆದುಕೊಂಡು ಒಂದು ಬಾಟಲಿ ನೀರು ಜೊತೆಗೆ ಒಯ್ಯಿರಿ. ಮುಟ್ಟು ಮುಗಿದ ಮೇಲೆ ಗಾಳಿಯಾಡುವ ಬಟ್ಟೆಯ ಚೀಲದಲ್ಲಿಡಿ, ಮುಚ್ಚಳದ ಡಬ್ಬಿ ಬೇಡ.