ಬಾವಿ, ಬೋರ್‌ವೆಲ್ ನೀರಿನ ಕಂಟಾಮಿನೇಷನ್: ಪ್ರಶ್ನೆ ಕೇಳಿ

ತೋಟದಮನೆ: ಮಳೆಗೆ ಬಾವಿ ನೀರು ಕದಡಿದೆ. 3 ಮೀಟರ್ ಅಗಲ, 4 ಮೀಟರ್ ನೀರು. ಬ್ಲೀಚಿಂಗ್ ಪೌಡರ್ ಎಷ್ಟು ಹಾಕಲಿ?

ಲ್ಯಾಬ್ ಮೇಡಂ: ಸುಮಾರು 28,000 ಲೀಟರ್ ನೀರಿದೆ. 1,000 ಲೀಟರಿಗೆ 2.5 ಗ್ರಾಂ, ಅಂದರೆ 70 ಗ್ರಾಂ. ಮೊದಲು ಕೆಸರು ತಳ ಸೇರಲಿ, ಇಲ್ಲದಿದ್ದರೆ ಕ್ಲೋರಿನ್ ಅದಕ್ಕೇ ಖರ್ಚಾಗುತ್ತದೆ. ಬಕೆಟ್ಟಿನಲ್ಲಿ ಪುಡಿಯನ್ನು ಪೇಸ್ಟ್ ಮಾಡಿ, ನೀರು ಬೆರೆಸಿ, 10 ನಿಮಿಷ ಬಿಡಿ. ತಿಳಿ ಮಾತ್ರ ಬಾವಿಗೆ. ತಳದ ಸುಣ್ಣ ಬಿದ್ದರೆ ನೀರು ಗಡಸಾಗುತ್ತದೆ. ರಾತ್ರಿ ಹಾಕಿ, ಬೆಳಿಗ್ಗೆ ಬಳಸಿ. ಬಾಯಿ ಬಿಚ್ಚಿಟ್ಟ ಹಳೇ ಚೀಲದ ಪುಡಿ ಬೇಡ.

ಗದ್ದೆಬದಿ: ಬ್ಲೀಚಿಂಗ್ ಎಷ್ಟು ಗ್ರಾಂ?

ಲ್ಯಾಬ್ ಮೇಡಂ: ಮೇಲೆ ಇದೆ.

ಹೊಸಮನೆ ಸೊಸೆ: ಬೋರ್ ನೀರಿನ ರಿಪೋರ್ಟಿನಲ್ಲಿ ನೈಟ್ರೇಟ್ 110. ಮೂರು ತಿಂಗಳ ಮಗುವಿಗೆ ಅದೇ ನೀರು ಚೆನ್ನಾಗಿ ಕುದಿಸಿ ಪುಡಿ ಹಾಲು ಕಲಸುತ್ತೇವೆ. ಸಾಕಲ್ವಾ?

ಲ್ಯಾಬ್ ಮೇಡಂ: ಸಾಲದು. ಈ ಹೊತ್ತಿನಿಂದಲೇ ಆ ನೀರು ಮಗುವಿಗೆ ಬೇಡ. ನೈಟ್ರೇಟ್ ಕ್ರಿಮಿಯಲ್ಲ, ಕುದಿಸಿದರೆ ಸಾಯಲು. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಮಿತಿ ಲೀಟರಿಗೆ 45 ಮಿಲಿಗ್ರಾಂ, ನಿಮ್ಮದು ಎರಡು ಪಟ್ಟಿಗಿಂತ ಹೆಚ್ಚು. ಆರು ತಿಂಗಳೊಳಗಿನ ಮಕ್ಕಳಲ್ಲಿ ಇದು ರಕ್ತ ಆಮ್ಲಜನಕ ಸಾಗಿಸುವುದನ್ನೇ ಕುಂದಿಸುತ್ತದೆ. ತುಟಿ, ಉಗುರು ನೀಲಿಗಟ್ಟಿದರೆ ತಕ್ಷಣ ಆಸ್ಪತ್ರೆಗೆ. ಬ್ಲೀಚಿಂಗ್, ಯುವಿ, ಕ್ಯಾಂಡಲ್ ಫಿಲ್ಟರ್ ಯಾವುದರಿಂದಲೂ ನೈಟ್ರೇಟ್ ಹೋಗಲ್ಲ. ಆರ್‌ಓದಿಂದ ಇಳಿಯುತ್ತದೆ, ಆದರೆ ಹೊರಬರುವ ನೀರನ್ನು ಟೆಸ್ಟ್ ಮಾಡಿಸಿಯೇ ನಂಬಿ. ಎದೆಹಾಲು ಬರುತ್ತಿದ್ದರೆ ನಿಲ್ಲಿಸಬೇಡಿ. ನೈಟ್ರೇಟ್ ಎಲ್ಲಿಂದ ಇಳಿಯುತ್ತಿರಬಹುದು ನೋಡೋಣ: ತಿಪ್ಪೆ, ದನದ ಕೊಟ್ಟಿಗೆ, ಶೌಚಾಲಯದ ಗುಂಡಿ ಬೋರ್‌ಗೆ ಎಷ್ಟು ದೂರ? ಮೀಟರಿನಲ್ಲಿ ಹೇಳಿ.

ಸಂಪಿಗೆ: ಸಂಪಿನಲ್ಲಿ ಹಲ್ಲಿ ಸತ್ತಿದೆ. ನೀರೆಲ್ಲ ಚೆಲ್ಲಬೇಕಾ?

ಹಳೇಬೇರು: ಫಾರ್ವರ್ಡ್ ನೋಡಿ: ತಾಮ್ರದ ಚೊಂಬು, ನುಗ್ಗೆ ಬೀಜ, ಸಕಲ ಕಂಟಾಮಿನೇಷನ್ ಮಾಯ!

ಲ್ಯಾಬ್ ಮೇಡಂ: ನುಗ್ಗೆ ಬೀಜದ ಪುಡಿ ಕದಡು ಇಳಿಸುತ್ತದೆ. ತಿಳಿಯಾದ ನೀರಿನಲ್ಲೂ ಕ್ರಿಮಿ ಉಳಿದಿರುತ್ತದೆ. ನೈಟ್ರೇಟಿಗೆ ಇವೆರಡೂ ಏನೂ ಮಾಡಲ್ಲ. ಮೇಲೊಂದು ಕೂಸಿನ ವಿಷಯ ನಡೆಯುತ್ತಿದೆ, ಇಂಥದ್ದನ್ನು ಇಲ್ಲಿ ಹಾಕಬೇಡಿ.

ಹಳೇಬೇರು: ಅಜ್ಜಂದಿರು ಯಾವ ಲ್ಯಾಬಿಗೆ ಹೋಗಿದ್ದರು?

ಕೊಡಪಾನ: ಅಜ್ಜಂದಿರ ತೋಟಕ್ಕೆ ಮೂಟೆಗಟ್ಟಲೆ ಯೂರಿಯಾ ಬೀಳ್ತಿತ್ತಾ ಸ್ವಾಮಿ? ಎಲ್ಲರೂ ಆರ್‌ಓ ಹಾಕಿಸಿ, ಮುಗೀತು.

ಹಳೇಬೇರು: ನಿಮ್ಮ ಡಿಪಿಯಲ್ಲೇ ಆರ್‌ಓ ಅಂಗಡಿ ಬೋರ್ಡಿದೆ!

ಕೊಡಪಾನ: ಅಂಗಡಿ ಇದ್ದರೆ ತಪ್ಪಾ?

ತೋಟದಮನೆ: ಆರ್‌ಓದಲ್ಲಿ ಸತ್ವ ಹೋಗುತ್ತೆ ಅಂತಾರಲ್ಲ...

ಲ್ಯಾಬ್ ಮೇಡಂ: ಜಗಳ ಬೇರೆ ಕಡೆ ಆಡಿ. ಬರೀ ಕ್ರಿಮಿ ಇದ್ದರೆ ಆರ್‌ಓ ದಂಡ, ಕ್ಲೋರಿನ್ ಸಾಕು. ರಿಪೋರ್ಟ್ ನೋಡದೆ ಮಷಿನ್ ಕೊಳ್ಳಬೇಡಿ.

ಗದ್ದೆಬದಿ: ಹೈಡ್ರೋಜನ್ ಸಲ್ಫೈಡ್ ಬಾಟಲಿ ಟೆಸ್ಟ್ ಕಪ್ಪಾಯಿತು. ಮಲದ ನೀರೇನಾ?

ಲ್ಯಾಬ್ ಮೇಡಂ: ಬಾವಿ ನೀರಾದರೆ ಹಾಗೇ ಎಣಿಸಿ, ಕುದಿಸದೆ ಕುಡಿಯಬೇಡಿ. ಕೊಳೆತ ಮೊಟ್ಟೆ ವಾಸನೆಯ ಬೋರ್ ನೀರಾದರೆ ಮಲ ಸೇರದೆಯೂ ಕಪ್ಪಾಗಬಹುದು. ಇ-ಕೊಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಟೆಸ್ಟ್ ಮಾಡಿಸಿ. 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು.

ಗದ್ದೆಬದಿ: ಬ್ಲೀಚಿಂಗ್ ಹಾಕಿದರೆ?

ಲ್ಯಾಬ್ ಮೇಡಂ: ಮೇಲೆ ಇದೆ ಅಂದೆ. ಹೊಸಮನೆ ಸೊಸೆ, ಗುಂಡಿ ಎಷ್ಟು ಮೀಟರ್?