ಅಪ್‌ಡೇಟ್: ಸ್ವಂತ ದುಡಿಮೆ ಏರಿಳಿದರೆ ಯೂನಿವರ್ಸಲ್ ಕ್ರೆಡಿಟ್ ಎಷ್ಟು ಕಡಿತ?

ಬ್ರಿಟನ್‌ನಲ್ಲಿ ಒಬ್ಬರೇ ಮಗು ಸಾಕುತ್ತ ಸ್ವಂತ ಕೆಲಸ ಮಾಡುವವರಿಗೆ ಒಂದು ತಿಂಗಳು ಸಂಪಾದನೆ ಹೆಚ್ಚಾದರೆ ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಮಾಸಿಕ ನೆರವು) ಪೂರ್ತಿ ನಿಂತುಹೋಗುತ್ತದೆಯೇ ಎಂದು ಕೇಳಿದ್ದೆ. ಇಲ್ಲ, ಹಂತಹಂತವಾಗಿ ಇಳಿಯುತ್ತದೆ. ಕೆಳಗಿನವು 2025-26ರ ದರಗಳು.

ಬಾಡಿಗೆಗೆ ನೆರವು ಪಡೆಯುತ್ತಿದ್ದರೆ ತಿಂಗಳ ಗಳಿಕೆಯಲ್ಲಿ ಮೊದಲ 411 ಪೌಂಡ್, ಇಲ್ಲದಿದ್ದರೆ 684 ಪೌಂಡ್ ಲೆಕ್ಕಕ್ಕಿಲ್ಲ. ಅದರ ಮೇಲಿನ ಪ್ರತಿ ಪೌಂಡಿಗೆ 55 ಪೆನ್ಸ್ ಕಡಿತ. ಲಾಭ 1,400 ಇದ್ದು ಬಾಡಿಗೆ ನೆರವೂ ಇದ್ದರೆ 989ರ 55%, ಅಂದರೆ 543.95 ಪೌಂಡ್ ಹೋಗುತ್ತದೆ.

ಇಲ್ಲಿ ನೋಡುವುದು ಬಿಲ್ ಬರೆದ ದಿನವನ್ನಲ್ಲ, ಹಣ ಕೈಸೇರಿದ ದಿನವನ್ನು. ಖರ್ಚಿಗೂ ಅದೇ ನಿಯಮ. ಆ ಅವಧಿಯಲ್ಲಿ ಕಟ್ಟಿದ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ಭದ್ರತೆಯ ಕಂತು), ಪಿಂಚಣಿ ಕಂತನ್ನೂ ಕಳೆಯಬಹುದು. ಸ್ವಂತ ಕೆಲಸದವರು ಜನವರಿ 31ರೊಳಗೆ ಕಟ್ಟುವ ತೆರಿಗೆಯನ್ನು ನಮೂದಿಸಲು ಮರೆಯಬೇಡಿ, ದೊಡ್ಡ ಮೊತ್ತ ಕೈತಪ್ಪುತ್ತದೆ.

ನಿಜವಾದ ಪೆಟ್ಟು ಕೊಡುವುದು ಕನಿಷ್ಠ ಆದಾಯದ ಮಿತಿ. ಸಾಮಾನ್ಯವಾಗಿ ಮೊದಲ 12 ತಿಂಗಳ ವಿನಾಯಿತಿ ಮುಗಿದ ಮೇಲೆ, ಮಗುವಿಗೆ 3 ತುಂಬಿದ್ದರೆ, ವಾರಕ್ಕೆ 30 ಗಂಟೆವರೆಗಿನ ಕನಿಷ್ಠ ಕೂಲಿ (ಗಂಟೆಗೆ 12.21 ಪೌಂಡ್) ದುಡಿದಿದ್ದೀರಿ ಎಂದೇ ಹಿಡಿಯುತ್ತಾರೆ. 30 ಗಂಟೆಗೆ ತಿಂಗಳಿಗೆ ಸುಮಾರು 1,587 ಪೌಂಡ್. ಇದರಲ್ಲಿ ಅಂದಾಜು ತೆರಿಗೆ ಕಳೆಯುತ್ತಾರೆ. ಗಳಿಸಿದ್ದು 600 ಆದರೂ ಕಡಿತ ಆ ದೊಡ್ಡ ಅಂಕಿಯ ಮೇಲೆಯೇ. ಇದು ಅನ್ಯಾಯ ಅನ್ನಿಸುತ್ತದೆ, ಆದರೆ ನಿಯಮ ಹೀಗಿದೆ. ಮಗುವಿನ ಆರೈಕೆಯಿಂದ ಅಷ್ಟು ಗಂಟೆ ಆಗದಿದ್ದರೆ ವರ್ಕ್ ಕೋಚ್ (ನಿಮ್ಮ ಯೂನಿವರ್ಸಲ್ ಕ್ರೆಡಿಟ್ ನೋಡಿಕೊಳ್ಳುವ ಸರ್ಕಾರಿ ಸಿಬ್ಬಂದಿ) ಬಳಿ ಗಂಟೆ ಕಡಿಮೆ ಮಾಡಿಸಿ, ಮಿತಿಯೂ ಇಳಿಯುತ್ತದೆ.