ಸೊಸೆಯ ಕ್ವಿಬೆಕ್ ಮನೆತನ ಹುಡುಕುವುದು ಹೇಗೆ?

ಕೇಳಿದವರು, ಮೈಸೂರು:
ನನ್ನ ಸೊಸೆ ಅಮೆರಿಕದ ಮೇನ್ ರಾಜ್ಯದವಳು. ಅವಳ ಮುತ್ತಜ್ಜ ಕೆನಡಾದಲ್ಲಿ ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯದ ಕಡೆಯಿಂದ ಮೇನ್‌ನ ಲೂಯಿಸ್ಟನ್ ಊರಿನ ಬಟ್ಟೆ ಗಿರಣಿಗೆ ಕೆಲಸಕ್ಕೆ ಬಂದವರಂತೆ. ಮನೆತನದ ಹೆಸರು ಗ್ರೀನ್‌ವುಡ್. ಮೊಮ್ಮಗಳಿಗೆ ವಂಶವೃಕ್ಷ ಬರೆದುಕೊಡೋಣ ಅಂತ ಕೂತಿದ್ದೇನೆ. ಕೆನಡಾದ ಗಡಿ ದಾಟಿದ ಕೂಡಲೇ ಆ ಹೆಸರೇ ಸಿಗುತ್ತಿಲ್ಲ. ಹುಡುಕಿ ಅನುಭವ ಇದ್ದವರು ದಾರಿ ತೋರಿಸಿ.

ಮ್ಯಾಂಚೆಸ್ಟರ್, ನ್ಯೂ ಹ್ಯಾಂಪ್‌ಶೈರ್‌ನಿಂದ:
ಗ್ರೀನ್‌ವುಡ್ ಬಿಟ್ಟು ಬ್ವಾವೆರ್ (Boisvert) ಅಂತ ಹುಡುಕಿ ನೋಡಿ. ಫ್ರೆಂಚಿನಲ್ಲಿ ಬ್ವಾ ಅಂದರೆ ಮರ, ವೆರ್ ಅಂದರೆ ಹಸಿರು. 1840ರಿಂದ 1930ರೊಳಗೆ ಸುಮಾರು 9 ಲಕ್ಷ ಫ್ರೆಂಚ್ ಕೆನಡಿಯನ್ನರು ಅಮೆರಿಕಕ್ಕೆ ಬಂದರು. ಎಷ್ಟೋ ಜನರ ಹೆಸರು ಹೀಗೇ ಇಂಗ್ಲಿಷಾಯಿತು. ಲೆಬ್ಲಾಂ ಇದ್ದದ್ದು ವೈಟ್ ಆಯಿತು. ನನ್ನ ಯಜಮಾನರ ಮನೆಯವರು ಕಿಂಗ್ ಅಂತ ಬರೆಯುತ್ತಾರೆ, ಮೂಲದಲ್ಲಿ ಅದು ರುವಾ. ಕೆಲವರದ್ದನ್ನು ಕಿವಿಗೆ ಕೇಳಿಸಿದ ಹಾಗೆ ಬರೆದರು, ಬೆನ್ವಾ ಹೋಗಿ ಬೆನ್‌ವೇ ಆಯಿತು.

ಅಷ್ಟಕ್ಕೇ ಮುಗಿಯುವುದಿಲ್ಲ. ಹಳೇ ದಾಖಲೆಯಲ್ಲಿ ಎರಡು ಮನೆತನದ ಹೆಸರಿನ ನಡುವೆ 'ದಿ' (dit) ಅಂತ ಇರುತ್ತದೆ. ನಮ್ಮ ಜಮೀನು ಪತ್ರದಲ್ಲಿ 'ಉರುಫ್' ಬರುತ್ತಲ್ವಾ, ಅದೇ. 1665ರಲ್ಲಿ ಫ್ರಾನ್ಸಿನಿಂದ ಕ್ವಿಬೆಕ್ ಕಡೆಗೆ ಕರಿನ್ಯಾನ್-ಸಾಲಿಯೇರ್ ಅನ್ನುವ ದಳದ ಸುಮಾರು 1,200 ಸೈನಿಕರು ಬಂದರು, ಅವರಲ್ಲಿ 400ರಷ್ಟು ಜನ ಅಲ್ಲೇ ನೆಲೆಸಿದರು. ದಂಡಿನಲ್ಲಿ ಒಬ್ಬೊಬ್ಬರಿಗೂ ಅಡ್ಡಹೆಸರು. ಲಾಫ್ಲೂರ್ ಅಂದರೆ ಹೂವು, ಸಾನ್‌ಸೂಸಿ ಅಂದರೆ ಚಿಂತೆಯಿಲ್ಲದವನು. ಮುಂದೆ ಒಬ್ಬ ಮಗ ಅಪ್ಪನ ಹೆಸರು ಉಳಿಸಿಕೊಂಡರೆ ಇನ್ನೊಬ್ಬ ಅಡ್ಡಹೆಸರನ್ನೇ ಹಿಡಿದ. ಒಂದೇ ರಕ್ತ, ಎರಡು ಮನೆತನ. ನಾನು ಎರಡು ವರ್ಷ ಸುಮ್ನೆ ಒಂದೇ ಹೆಸರಿನ ಹಿಂದೆ ಬಿದ್ದಿದ್ದೆ. ಎರಡನ್ನೂ ಹುಡುಕಿ.

ಟೊರಾಂಟೊದಿಂದ:
ಮಗುವಿನ ಮೊದಲ ಹೆಸರನ್ನು ನಂಬಬೇಡಿ. ದೀಕ್ಷಾಸ್ನಾನದ ಪುಸ್ತಕದಲ್ಲಿ ಹುಡುಗರು ಬಹುಪಾಲು ಜೋಸೆಫ್, ಹುಡುಗಿಯರು ಬಹುಪಾಲು ಮರೀ (Marie). ಆಮೇಲೆ ಹೆಚ್ಚಾಗಿ ಧರ್ಮಪಿತನ ಅಥವಾ ಧರ್ಮಮಾತೆಯ ಹೆಸರು. ಸಾಮಾನ್ಯವಾಗಿ ಕೊನೆಯದೇ ಕರೆಯುವ ಹೆಸರು. ಮಗು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರು ಇಡುವುದೂ ಇತ್ತು.

ಮಾಂಟ್ರಿಯಲ್‌ನಿಂದ:
ನನ್ನ ಕೇಳಿದರೆ, ಮದುವೆ ದಾಖಲೆ ಹಿಡಿದು ಹೊರಡಿ. ಜನನಕ್ಕಿಂತ ಅದರಲ್ಲಿ ಜಾಸ್ತಿ ಸಿಗುತ್ತದೆ. ಮೊದಲ ಮದುವೆಯಾದರೆ ಗಂಡು-ಹೆಣ್ಣು ಇಬ್ಬರ ಅಪ್ಪ-ಅಮ್ಮನ ಹೆಸರೂ ಸಾಮಾನ್ಯವಾಗಿ ಇರುತ್ತದೆ. ಅಮ್ಮಂದಿರ ಹೆಸರು ತವರಿನದೇ. ಅಲ್ಲಿನ ಹೆಂಗಸರು ದಾಖಲೆಯಲ್ಲಿ ಸಾಯುವ ತನಕ ತವರಿನ ಹೆಸರಲ್ಲೇ ಇರುತ್ತಾರೆ. ನನಗೆ ಇದು ತುಂಬಾ ಇಷ್ಟವಾದ ಸಂಗತಿ. ಒಂದು ಮದುವೆ ಸಿಕ್ಕರೆ ಅದರ ಹಿಂದಿನ ಎರಡು ಮದುವೆಗೆ ದಾರಿ ಸಿಕ್ಕಿತು. ಹೆಚ್ಚಾಗಿ ಮದುವೆ ಹೆಣ್ಣಿನ ಊರಿನ ಚರ್ಚಿನಲ್ಲೇ ನಡೆಯುತ್ತಿತ್ತು, ಅಲ್ಲಿಂದ ಶುರು ಮಾಡಿ. ಚರ್ಚಿನ ದಾಖಲೆಗಳಿರುವ ದ್ರೂಯಾನ್ (Drouin) ಸಂಗ್ರಹದಲ್ಲಿ ಆ ಪುಟಗಳ ಚಿತ್ರವೇ ಇದೆ. 1966ರಲ್ಲಿ ಶುರುವಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಯೋಜನೆಯವರು ಹಳೇ ಕಾಲದ ಕುಟುಂಬಗಳನ್ನು ಜೋಡಿಸಿಟ್ಟಿದ್ದಾರೆ.

ಪುಟ ತೆರೆದಾಗ ಅಪ್ಪನ ಹೆಸರಿಗಿಂತ ಮೊದಲು 'ಫ್ಯೂ' (feu) ಅನ್ನುವ ಮೂರಕ್ಷರದ ಫ್ರೆಂಚ್ ಪದ ಇದೆಯಾ ನೋಡಿ. ಅಂದರೆ ದಿವಂಗತ. ಮದುವೆಗೆ ಮುಂಚೆಯೇ ಅವರು ತೀರಿಕೊಂಡಿದ್ದರು ಅಂತ ಗೊತ್ತಾಗುತ್ತದೆ. ಮಸುಕಾದ ಶಾಯಿಯಲ್ಲಿ ಅದು ಕಣ್ಣು ತಪ್ಪಿಹೋಗುತ್ತದೆ, ದೊಡ್ಡದು ಮಾಡಿ ಓದಿ.

ಸೊಸೆಯ ಮುತ್ತಜ್ಜಿಯ ತವರಿನ ಹೆಸರು ಮನೆಯಲ್ಲಿ ಯಾರಿಗಾದರೂ ನೆನಪಿದೆಯಾ? ಇದ್ದರೆ ತಿಳಿಸಿ, ಈ ಭಾನುವಾರ ನಾನೂ ಹುಡುಕುತ್ತೇನೆ.